ನೀರಿನ ಲೆಕ್ಕ ಊರಿನ ಯುವಕರಿಗೆ ಬರಲಿ



2019ನೆಯ ಇಸವಿಯನ್ನು ತಾವು ಮರೆತಿರಲಾರಿರಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಅಥಣಿ, ಕಾಗವಾಡದ ಕಡೆ ಕುಡಿಯುವ ನೀರಿಗೂ ಪರದಾಟವಾಯಿತು. ಅದೇ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗಗಳಲ್ಲಿ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತಿತು. ಸುಳಿ ಮುಳುಗಿದ ಕಬ್ಬು ಕೊಳೆಯಿತು. 2005ರಲ್ಲಿ ಕಂಡದ್ದನ್ನೇ 2021ರಲ್ಲಿಯೂ ಕಂಡೆವು.

ಆದ್ದರಿಂದ ನದಿದಂಡೆಯ ಪ್ರತಿ ಊರಿನಲ್ಲಿ ನಾಲ್ಕಾರು ಯುವಕ ಯುವತಿಯರಿಗೆ ನೀರಿನ ಲೆಕ್ಕ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಭಾಷಣ ಕೇಳಿಸಿ ಪ್ರಮಾಣಪತ್ರ ಕೊಟ್ಟು ಕಳಿಸುವ ತರಬೇತಿ ಸಾಲದು. ಅಂಥವನ್ನು ನಾನೂ ನಡೆಸಿದ್ದೇನೆ.

ಮಳೆಗಾಲದಲ್ಲಿ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ಸ್ ಎಂದು ಸುದ್ದಿ ಬರುತ್ತದೆ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆದರೆ ಎಷ್ಟಕ್ಕೆ ನಿಮ್ಮೂರ ಗುಡಿಯ ಮೆಟ್ಟಿಲು ಮುಳುಗುತ್ತದೆ, ಯಾರ ಹೊಲಕ್ಕೆ ಮೊದಲು ನೀರು ಏರುತ್ತದೆ? ಇದನ್ನು ಊರಿನವರೇ ಬರೆದಿಡಬೇಕು. ಹಿರಿಯರನ್ನು ಕೇಳಿ ಆ ಮೂರು ಮಹಾಪೂರಗಳ ಮಟ್ಟವನ್ನು ಗೋಡೆಗಳ ಮೇಲೆ ಬಣ್ಣದಿಂದ ಗುರುತಿಸಲಿ. ದಿನದ ಅಂಕಿಯನ್ನೂ ನೀರಿನ ಮಟ್ಟವನ್ನೂ ವಹಿಯಲ್ಲಿ ಬರೆಯಲಿ. ಕೆಲವು ಮಳೆಗಾಲ ಕಳೆದರೆ ಪಂಪ್‌ಸೆಟ್ ಎತ್ತುವ, ದನ ಹೊರಡಿಸುವ ಹೊತ್ತು ಆ ವಹಿಯಿಂದಲೇ ತಿಳಿದೀತು.

ಅಥಣಿಯ ಒಣಬೇಸಾಯದ ಊರುಗಳಲ್ಲಿ ಮಳೆಮಾಪಕದಿಂದ ಆರಂಭಿಸಿರಿ. ಒಂದು ಮಿಲಿಮೀಟರ್ ಮಳೆ ಎಕರೆಗೆ ಸುಮಾರು 4,000 ಲೀಟರ್ ನೀರು. ಇದನ್ನು ಸ್ವತಃ ಅಳೆದ ಹುಡುಗನಿಗೆ ಬದು ಏಕೆ ಬೇಕೆಂದು ಹೇಳಬೇಕಾಗಿಲ್ಲ.

ವಹಿ ಹಿಡಿದವರಿಗೆ ಗ್ರಾಮಸಭೆಯಲ್ಲಿ ಮಾತಾಡಲು ಅವಕಾಶವಿರಲಿ. ಸೊಸೆಯಂದಿರನ್ನೂ ಸೇರಿಸಿಕೊಳ್ಳಿರಿ, ನೀರು ಹೊಸ್ತಿಲಿಗೆ ಬಂದಾಗ ಕಾಳುಕಡಿ, ಎಮ್ಮೆ ಕರು ಸಾಗಿಸುವವರು ಅವರೇ ಅಲ್ಲವೆ?