ಕಾಲ್ಮಣೆಯ ಬೆಲೆ

ಮನೆಯಲ್ಲಿ ಕಾಲ್ಮಣೆಗಳನ್ನು ಮಾಡಿ ಮಾರುವುದು ಲಾಭಕರವೆಂದು ಹಲವರೆನ್ನುವರು. ಮುಂಬಯಿಯ ನಮ್ಮ ಚಾಳಿನ ಮೊಗಸಾಲೆಯಲ್ಲಿ ನಾವೂ ಗರಗಸ ಹಿಡಿದವರೇ. ಹಲಗೆ, ಮೊಳೆ, ಮೆರುಗೆಣ್ಣೆಗಳ ವೆಚ್ಚವನ್ನು ಕಳೆದು ಉಳಿದುದೆಲ್ಲ ಲಾಭವೆಂದು ಹಿಗ್ಗಿದೆವು. ಎರಡು ಭಾನುವಾರಗಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಕೂಲಿಯನ್ನು ಬಿಟ್ಟು ಕಟ್ಟಿದ ಬೆಲೆ ಅಗ್ಗವೇನೋ ಅಹುದು. ಆದರೆ ಅದೇ ಕಸುಬಿನಿಂದ ಹೊಟ್ಟೆ ಹೊರೆಯುವ ನೆರೆಯ ಬಡಗಿಗೆ ಅದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಇನ್ನು ಮರದ ಮಾತು. ಅದು ಉದ್ದಕ್ಕಿಂತ ಅಗಲಕ್ಕೇ ಹೆಚ್ಚಾಗಿ ಹಿಗ್ಗಿ ಕುಗ್ಗುವುದು. ಇದನ್ನರಿಯದ ನಾವು ಮಳೆಗಾಲದಲ್ಲಿ ಕೊಂಡ ಹಸಿ ಹಲಗೆಯನ್ನು ಅಡ್ಡಪಟ್ಟಿಗೆ ಬಿಗಿಯಾಗಿ ಜಡಿದೆವು. ಬೇಸಿಗೆಯಲ್ಲಿ ಅದು ನಡುವೆ ಸೀಳಿತು. ಕೊಂಡವರಿಗೆ ಹಣ ಹಿಂದಿರುಗಿಸಿದೆವು.

ಈಗ ಹಲಗೆಯನ್ನು ಚೆನ್ನಾಗಿ ಒಣಗಿಸುತ್ತೇವೆ. ದುಡಿದ ಗಂಟೆಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸುತ್ತೇವೆ. ಬೆಲೆ ಕೇಳಿದ ಕೆಲವರು ಬಡಗಿಯ ಅಂಗಡಿಗೇ ಹೋಗುತ್ತಾರೆ.