ಕೋಲ್ಕತ್ತದ ಮೇಷ್ಟರ ಸಮೀಕರಣ
ದ್ರವ್ಯವಿದ್ದಲ್ಲಿ ದೇಶಕಾಲ ಬಾಗುತ್ತದೆ, ಆ ಬಾಗುವಿಕೆಯೇ ಗುರುತ್ವ ಎನ್ನುತ್ತದೆ ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ. ಬಾಗು ಮಿತಿಮೀರಿ ಸಮೀಕರಣಗಳೇ ಕೈಚೆಲ್ಲುವ ಎಡೆಯನ್ನು ಭೌತವಿಜ್ಞಾನಿಗಳು ಸಿಂಗ್ಯುಲಾರಿಟಿ ಎನ್ನುತ್ತಾರೆ. 1916ರಲ್ಲಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ಕೊಟ್ಟ ಪರಿಹಾರದಲ್ಲೇ ಅದು ಅಡಗಿತ್ತು. ಆದರೆ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದು ಪರಿಪೂರ್ಣ ಗೋಳವನ್ನು. ನಿಜವಾದ ನಕ್ಷತ್ರದಲ್ಲಿ ಅಂಥ ಅಚ್ಚುಕಟ್ಟು ಇರದ ಕಾರಣ, ಇದು ಕಾಗದದ ಮೇಲಿನ ತೊಡಕಷ್ಟೇ ಎಂದು ಹಲವರು ನಂಬಿದ್ದರು. ಆ ನಂಬಿಕೆಯ ಬುಡ ಅಲುಗಿಸಿದವರು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ. 1955ರಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ಅವರ ಸಮೀಕರಣ ಗೋಳದ ಅಚ್ಚುಕಟ್ಟನ್ನು ಬೇಡುವುದಿಲ್ಲ. ಗುರುತ್ವಕ್ಕೆ ಮಾತ್ರ ಒಳಪಟ್ಟು ಜೊತೆಯಾಗಿ ಸಾಗುವ ಕಣಗಳ ಗುಂಪೊಂದನ್ನು ಅದು ಹಿಂಬಾಲಿಸುತ್ತದೆ. ಸಾಮಾನ್ಯ ದ್ರವ್ಯದ ಗುರುತ್ವ ಅವುಗಳ ಹಾದಿಗಳನ್ನು ಒಂದೆಡೆಗೆ ಸೇರಿಸುತ್ತದೆ. ಗುಂಪಿನ ಆಕಾರ ಓರೆಯಾದರೆ ಅದೂ ಈ ಕೂಡಿಕೆಗೇ ನೆರವಾಗುತ್ತದೆ. ಗುಂಪಿನ ಸುತ್ತುವಿಕೆ ಮಾತ್ರ ಎದುರು ನಿಲ್ಲುತ್ತದೆ. 1965ರಲ್ಲಿ ರೋಜರ್ ಪೆನ್‌ರೋಸ್ ಇದೇ ಕೂಡಿಕೆಯನ್ನು ಬೆಳಕಿನ ಕಿರಣಗಳಲ್ಲಿ ಕಂಡು, ನಕ್ಷತ್ರದ ಕುಸಿತ ಒಂದು ಹಂತ ದಾಟಿದರೆ, ಅದರ ಆಕಾರ ಹೇಗೇ ಇರಲಿ, ಸಿಂಗ್ಯುಲಾರಿಟಿ ತಪ್ಪದು ಎಂದು ಸಾಧಿಸಿದರು. ಸ್ಟೀಫನ್ ಹಾಕಿಂಗ್ ಆ ವಾದವನ್ನು ವಿಶ್ವದ ಆರಂಭಕ್ಕೆ ಒಯ್ದರು. 2020ರಲ್ಲಿ ಪೆನ್‌ರೋಸರಿಗೆ ನೊಬೆಲ್ ಬಂದಾಗ ರಾಯ್‌ಚೌಧುರಿ ಇರಲಿಲ್ಲ. ಅವರು ತೀರಿಕೊಂಡಿದ್ದು 2005ರಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಹೇಳಿದ ಅವರನ್ನು ಸಂಶೋಧಕರ ವಲಯ ಮರೆತಿಲ್ಲ, ಸಮೀಕರಣ ಅವರ ಹೆಸರಲ್ಲೇ ಇದೆ. ನಮ್ಮ ಕಾಲೇಜುಗಳಲ್ಲಿ, ನಕ್ಷತ್ರ ಹೀಗೆ ಕುಸಿದು ಉಂಟಾಗುವ ಕಪ್ಪುಕುಳಿಯ ಪಾಠ ಮಾಡುವವರು ಹಾಕಿಂಗ್ ಹೆಸರಿನ ಜೊತೆಗೆ ಈ ಮೇಷ್ಟರ ಹೆಸರನ್ನೂ ಮಕ್ಕಳಿಗೆ ಹೇಳಬೇಕು.