ನಮ್ಮ ಅರ್ಜಿ ತಿರಸ್ಕರಿಸಿದ್ದು ಯಾರು?

ಗೂಗಲ್‌ನ ಲ್ಯಾಮ್ಡಾ ಚಾಟ್‌ಬಾಟ್‌ಗೆ ಪ್ರಜ್ಞೆ ಬಂದಿದೆ ಎಂದು ಅಲ್ಲಿನ ಎಂಜಿನಿಯರ್ ಬ್ಲೇಕ್ ಲೆಮೋಯಿನ್ 2022ರಲ್ಲಿ ಹೇಳಿದಾಗ ಎಲ್ಲೆಡೆ ಅದೇ ಚರ್ಚೆ. ಕಂಪನಿ ಒಪ್ಪಲಿಲ್ಲ, ಅವರ ಕೆಲಸವೂ ಹೋಯಿತು. ಉದ್ಯೋಗ ಹುಡುಕುತ್ತಿರುವ ನಮಗೆ ಅದಕ್ಕಿಂತ ಮುಖ್ಯವಾದದ್ದು ಅಮೆಜಾನ್‌ನ ಪ್ರಕರಣ.

ಅರ್ಜಿಗಳನ್ನು ಸೋಸಲು ಅದು 2014ರಲ್ಲಿ ಒಂದು ತಂತ್ರಾಂಶ ರೂಪಿಸತೊಡಗಿತು. ಹತ್ತು ವರ್ಷಗಳ ಹಳೆಯ ರೆಸ್ಯೂಮೆಗಳೇ ಅದಕ್ಕೆ ಪಾಠ, ಹೆಚ್ಚಿನವು ಗಂಡಸರವು. ಹಾಗಾಗಿ ‘ಮಹಿಳಾ ಚೆಸ್ ಕ್ಲಬ್ ನಾಯಕಿ’ ಎಂದಿದ್ದರೆ ಅಂಕ ಕಡಿತ! ಸರಿಪಡಿಸಲಾಗದೆ ಯೋಜನೆಯನ್ನೇ ಕೈಬಿಟ್ಟರು. ಹೊರಗೆ ತಿಳಿದದ್ದು 2018ರಲ್ಲಿ, ರಾಯಿಟರ್ಸ್ ವರದಿಯಿಂದ. ಆ ತಂತ್ರಾಂಶಕ್ಕೆ ಪ್ರಜ್ಞೆ ಇರಲಿಲ್ಲ, ದ್ವೇಷವೂ ಇರಲಿಲ್ಲ. ಪಕ್ಷಪಾತಕ್ಕೆ ಅವೆರಡೂ ಬೇಕಾಗಲಿಲ್ಲ.

ನೇಮಕಾತಿಯ ಎಐಯನ್ನು ಐರೋಪ್ಯ ಒಕ್ಕೂಟದ 2024ರ ಕಾಯ್ದೆ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ನಮ್ಮಲ್ಲೂ, ಅರ್ಜಿ ಹಾಕಿದ ಅರ್ಧ ಗಂಟೆಗೇ ‘ವಿಷಾದಿಸುತ್ತೇವೆ’ ಎಂಬ ಇಮೇಲ್ ಬಂದರೆ, ಕಾರಣ ಹೇಳಲು ಕಂಪನಿಯಲ್ಲಿ ಒಬ್ಬ ಮನುಷ್ಯನಾದರೂ ಸಿಗಬೇಕು.